ಊರಲ್ಲಿ ನಿಮ್ಮ ಮನೆ ಎಲ್ಲಿ?

ಒಂಬತ್ತನೇ ತರಗತಿಗೆ ಪೌರನೀತಿ ಪಾಠ ಮಾಡುವುದೆಂದರೆ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳ ಆಕಳಿಕೆ ಎಣಿಸುವ ಕೆಲಸ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ನಾನು ಎಷ್ಟೋ ವರ್ಷ ಆ ಕೆಲಸ ಮಾಡಿದ್ದೇನೆ. ಸಮಾನತೆಯ ಹಕ್ಕು, ಅಸ್ಪೃಶ್ಯತೆಯ ನಿಷೇಧ, ಬೇಕಾದ ಕಡೆ ವಾಸಿಸುವ ಹಕ್ಕು, ಎಲ್ಲವನ್ನೂ ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಪರೀಕ್ಷೆಯಲ್ಲಿ ಬರೆದು ಅಲ್ಲೇ ಬಿಟ್ಟು ಬರುತ್ತಿದ್ದರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಗಿಣಿಪಾಠ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ ಒಂದು ವರ್ಷ, ಇವರಿಗೆ ಹೀಗಲ್ಲ, ಬೀದಿಗೆ ಇಳಿಸಿಯೇ ಪಾಠ ಮಾಡಬೇಕು ಎಂದು ತೀರ್ಮಾನಿಸಿದೆ.

ಕೊಟ್ಟ ಮನೆಗೆಲಸ ಸುಲಭದ್ದು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಎಲ್ಲೆಲ್ಲಿ ಇದೆ ನೋಡಬೇಕು. ಆ ಮನೆಯವರು ಬಾಡಿಗೆಗೆ ಬಂದವರನ್ನು ಏನೇನು ಕೇಳುತ್ತಾರೆ ಎಂದು ವಿಚಾರಿಸಿ ಬರೆದು ತರಬೇಕು. ನೀರು, ಕರೆಂಟು, ಮನೆಯಲ್ಲಿ ಎಷ್ಟು ಜನ, ಹೆಚ್ಚೆಂದರೆ ಮಾಂಸ ತಿನ್ನುತ್ತೀರಾ ಅನ್ನುವುದು. ಇಷ್ಟು ಬರುತ್ತದೆ, ಇದರ ಮೇಲೆ ನಾನೊಂದು ಒಳ್ಳೆಯ ಪಾಠ ಕಟ್ಟುತ್ತೇನೆ ಅಂದುಕೊಂಡಿದ್ದೆ.

ಒಂದು ವಾರದ ಮೇಲೆ ಪುಸ್ತಕಗಳು ಬಂದವು. ಮೊದಲನೆಯದರಲ್ಲಿ ಒಂದು ಪ್ರಶ್ನೆ ಇತ್ತು: 'ಊರಲ್ಲಿ ನಿಮ್ಮ ಮನೆ ಎಲ್ಲಿ?' ಇದೇನು, ಬಾಡಿಗೆಗೆ ಬಂದವರ ಊರಿನ ಮನೆ ಕಟ್ಟಿಕೊಂಡು ಇವರಿಗೇನಾಗಬೇಕು, ಮಗು ಏನೋ ತಪ್ಪು ಬರೆದಿದೆ ಅಂದುಕೊಂಡೆ. ಎರಡನೆಯದರಲ್ಲೂ ಅದೇ. ಐದನೆಯದರಲ್ಲಿ, ಎಂಟನೆಯದರಲ್ಲಿ, ಮತ್ತೆ ಮತ್ತೆ ಅದೇ. ಮಾರನೆಯ ದಿನ ತರಗತಿಯಲ್ಲಿ ಕೇಳಿದೆ. ಹರದನಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ನನ್ನ ದಡ್ಡತನಕ್ಕೆ ಮರುಗುವವನಂತೆ ವಿವರಿಸಿದ.

"ಅಷ್ಟೂ ಗೊತ್ತಿಲ್ವಾ ಮೇಡಂ? ನಿಮ್ದು ಯಾವ್ ಜಾತಿ ಅಂತ ಮಖದ್ ಮೇಲೆ ಕೇಳಕಾಯ್ತದಾ? ಊರಲ್ ನಿಮ್ಮನೆ ಎಲ್ ಬತ್ತದೆ ಅಂತ ಕೇಳ್ಬೇಕು. ಊರೊಳ್ಗೆ ಅಂದ್ರೆ ಸರಿ. ಕಾಲೋನಿ ಕಡೆ ಅಂದ್ರೆ ಗೊತ್ತಾಗೋಯ್ತದೆ."

ಊರಾಚೆ ದಲಿತರ ಮನೆಗಳಿರುವ ಜಾಗಕ್ಕೆ ನಮ್ಮ ಕಡೆ ಕಾಲೋನಿ ಅನ್ನುತ್ತಾರೆ. ಮಕ್ಕಳು ನಕ್ಕರು. ಯಾರ ಮುಖದಲ್ಲೂ ಆಶ್ಚರ್ಯದ ಸುಳಿವಿಲ್ಲ. ಅರವತ್ತು ಜನರಿದ್ದ ಆ ಕೋಣೆಯಲ್ಲಿ ದಂಗಾಗಿ ನಿಂತವಳು ನಾನೊಬ್ಬಳೇ, ಪಾಠ ಹೇಳುವವಳು. ಹಾಸನದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ, ಇಲ್ಲಿಯ ದೇವಸ್ಥಾನದ ಬೀದಿಗೆ ಸೊಸೆಯಾಗಿ ಬಂದ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಬಾಯಿ ತೆರೆದರೆ ಸಾಕು, ನನ್ನ ಕನ್ನಡವೇ ಉತ್ತರ ಹೇಳಿಬಿಡುತ್ತಿತ್ತು.

ಆ ಕಟ್ಟಿನಲ್ಲಿ ಒಂದು ಪುಸ್ತಕ ಬೇರೆ ಥರ ಇತ್ತು. ಎರಡನೇ ಬೆಂಚಿನ ಹುಡುಗಿಯದು. ಅವಳು ಬೋರ್ಡು ಹುಡುಕಿಕೊಂಡು ಹೋಗಿರಲಿಲ್ಲ. ಅಷ್ಟರೊಳಗೆ ಅಮ್ಮನ ಜೊತೆ ನಿಜವಾಗಿಯೇ ಹನ್ನೊಂದು ಮನೆ ನೋಡಿ ಬಂದಿದ್ದಳು. ಪುಟಕ್ಕೊಂದು ಮನೆ. ಅವರು ಏನು ಕೇಳಿದರು, ನಾವು ಏನು ಹೇಳಿದೆವು, ಆಮೇಲೆ ಅವರು ಏನಂದರು, ಎಲ್ಲ ದುಂಡಗಿನ ಅಕ್ಷರದಲ್ಲಿ. 'ನಾಳೆ ಹೇಳುತ್ತೇವೆ ಅಂದರು.' 'ನಮ್ಮ ಭಾವಮೈದ ಬರುತ್ತಾನೆ, ಈಗ ತಾನೇ ಫೋನ್ ಬಂತು ಅಂದರು.' 'ಮನೆ ಮಾರುತ್ತಿದ್ದೇವೆ ಅಂದರು.' ಒಂಬತ್ತನೇ ಮನೆಯ ಅಮ್ಮ 'ಒಳ್ಳೆ ಮನೆ ಸಿಗಲಿ' ಎಂದು ಹರಸಿ, ಹುಡುಗಿಯ ಕೈಗೆ ಒಂದು ಮೊಳ ಹೂ ಕೊಟ್ಟು ಕಳಿಸಿದ್ದರು. ಅದನ್ನೂ ಬರೆದಿದ್ದಳು. ನಾನು ಆ ಪುಟ ಮೂರು ಸಲ ಓದಿದೆ.

ಅವಳ ತಾಯಿ ತಾಲೂಕು ಆಸ್ಪತ್ರೆಯಲ್ಲಿ ನರ್ಸು. ಊರು ಅರಕಲಗೂಡಿನಿಂದ ಆಚೆ, ಹೊಗೆಸೊಪ್ಪು, ಶುಂಠಿ ಬೆಳೆಯುವ ಹಳ್ಳಿ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ದಿನವೂ ಎರಡು ಬಸ್ಸು ಬದಲಾಯಿಸಿ ತಾಯಿ ಮಗಳು ಬರುತ್ತಿದ್ದರು. ತಾಯಿಗೆ ಸಂಜೆ ಡ್ಯೂಟಿ ಇದ್ದರೆ ಹುಡುಗಿ ಶಾಲೆ ಬಿಟ್ಟ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ, ಕೆಮ್ಮುವ ರೋಗಿಗಳ ನಡುವೆ ಕೂತು ಲೆಕ್ಕ ಮಾಡುತ್ತಿದ್ದಳು. ಬರುವ ವರ್ಷ ಎಸ್ಸೆಸ್ಸೆಲ್ಸಿ. ಹೀಗೇ ಆದರೆ ಮಗಳ ಓದು ಕೆಡುತ್ತದೆ, ಹೊಳೆನರಸೀಪುರದಲ್ಲೇ ಒಂದು ಮನೆ ಸಿಗದಿದ್ದರೆ ಈ ಶಾಲೆ ಬಿಡಿಸಿಬಿಡುತ್ತೇನೆ ಎಂದು ತಾಯಿ ಹೇಳಿದ್ದರಂತೆ. ನನ್ನ ತರಗತಿಯಲ್ಲಿ ಎದುರು ಪ್ರಶ್ನೆ ಹಾಕುವ ತಾಕತ್ತಿದ್ದವಳು ಅವಳೊಬ್ಬಳೇ. ಅವಳು ಹೋಗುವುದನ್ನು ನಾನು ಹೇಗೆ ಸಹಿಸಲಿ?

ನಾನು ಹಾಸನಕ್ಕೆ ಹೋಗಿ, ನಮ್ಮ ನೆಂಟರಲ್ಲಿ ವಕೀಲರಾಗಿದ್ದವರನ್ನು ಕೇಳಿಕೊಂಡು ಬಂದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಒಂದು ಬಡಾವಣೆಯಲ್ಲಿ ಮನೆ ಕಟ್ಟದಂತೆ, ಕೊಳ್ಳದಂತೆ, ವಾಸ ಮಾಡದಂತೆ ತಡೆಯುವುದು ಶಿಕ್ಷೆಯಾಗುವ ಅಪರಾಧ ಎಂದು ಅವರು ಕಾಯಿದೆಯ ಪುಸ್ತಕ ತೆಗೆದು ತೋರಿಸಿದರು. ಮಾರನೆಯ ದಿನ ಅದನ್ನು ಕಪ್ಪು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಮಕ್ಕಳು ಬಾಯಿ ಬಿಟ್ಟು ನೋಡಿದರು.

"ಅಂಗಾರೆ ನಮ್ ತಾತುನ್ನೂ ಜೈಲಿಗಾಕ್ತಾರಾ ಮೇಡಂ?" ಎಂದು ಒಬ್ಬ ಕೇಳಿದ.

"ಹಾಕಬೇಕು" ಅಂದೆ. ಆ ಕ್ಷಣಕ್ಕೆ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

ಇಷ್ಟೆಲ್ಲ ಬೋಧಿಸಿದವಳು ಆಮೇಲೆ ಮಾಡಿದ್ದೇನು ಕೇಳಿ. ನಮ್ಮ ಶಾಲೆಯಿಂದ ನಾಲ್ಕು ಬೀದಿ ಆಚೆ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಊರಿಗೆ ಬೇಕಾದವರು. ಅವರ ಮೊಮ್ಮಗ ನನ್ನದೇ ತರಗತಿ. ಅವರ ಮನೆಯ ಹಿಂಭಾಗದ ಎರಡು ಕೋಣೆ ಖಾಲಿಯಾಗಿತ್ತು. 'ನರ್ಸಮ್ಮ ಒಬ್ಬರಿದ್ದಾರೆ, ಬಹಳ ಮರ್ಯಾದಸ್ಥರು' ಎಂದು ಅವರಿಗೆ ಹೇಳಿದೆ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಹುಡುಗಿಯ ತಾಯಿಯನ್ನು ಇಂಜೆಕ್ಷನ್ ಕೋಣೆಯ ಬಾಗಿಲಿಗೆ ಕರೆದು, ದನಿ ತಗ್ಗಿಸಿ ಹೇಳಿಕೊಟ್ಟೆ: "ಊರಲ್ಲಿ ಮನೆ ಎಲ್ಲಿ ಅಂತ ಅವರು ಕೇಳೇ ಕೇಳ್ತಾರೆ. ಊರೊಳಗೆ, ದೊಡ್ಡ ಬೀದೀಲಿ ಅನ್ನಿ. ಅಷ್ಟು ಹೇಳಿದರೆ ಮುಂದಕ್ಕೆ ಕೇಳಲ್ಲ."

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಇನ್ನೇನೋ ಹೇಳುತ್ತಾಳೆ ಇವಳು ಎಂದು ಕಾಯುವವರ ಹಾಗೆ ನೋಡಿದರು. ಆಮೇಲೆ ನಕ್ಕರು.

"ಆಗ್ಲಿ ಬುಡಿ ಮೇಡಂ. ಸಾಯೋರ್ಗೂ ಏನೂ ಆಗಾಕಿಲ್ಲ ಅಂತ ದಿನಾ ಸುಳ್ಳೇಳ್ತೀನಿ. ಇದೊಂದು ಯಾವ್ ಲೆಕ್ಕ."

ಮನೆ ಸಿಕ್ಕಿತು. ಎರಡು ತಿಂಗಳು ಹುಡುಗಿ ಎಲ್ಲರಿಗಿಂತ ಮೊದಲು ಶಾಲೆಗೆ ಬಂದಳು. ಕಿರುಪರೀಕ್ಷೆಯಲ್ಲಿ ತರಗತಿಗೇ ಮೊದಲಿಗಳಾದಳು. ನಾನು ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಸಂತೆಯಲ್ಲಿ ಸಿಕ್ಕವರಿಗೆಲ್ಲ ಅವಳ ಗುಣಗಾನ ಮಾಡಿದೆ. ಸುಳ್ಳಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಅದು ಸುಳ್ಳು ಅಂತ ನನಗೇ ಅನ್ನಿಸುತ್ತಿರಲಿಲ್ಲ. ಉಪಾಯ ಅಂದುಕೊಂಡಿದ್ದೆ.

ಅಷ್ಟರಲ್ಲಿ ಇಲಾಖೆಯ ಅಧಿಕಾರಿಯೊಬ್ಬರು ಶಾಲೆ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಮಾದರಿ ಪಾಠ ಮಾಡಿ ತೋರಿಸಿ ಎಂದು ಹೆಡ್‌ಮಾಸ್ಟರು ನನ್ನನ್ನು ಮುಂದೆ ತಳ್ಳಿದರು. ನಾನು ಮಕ್ಕಳಿಂದ ಮನೆ ಕೇಳುವ ಆಟ ಆಡಿಸಿದೆ. ಒಬ್ಬ ಹುಡುಗ ಪಂಚೆ ಸುತ್ತಿಕೊಂಡು ಮನೆ ಯಜಮಾನನಾದ. ಒಬ್ಬಳು ಬಾಡಿಗೆಗೆ ಬಂದವಳಾದಳು. ಅವನು ಮೀಸೆ ತಿರುವುತ್ತ, "ಊರಲ್ಲಿ ನಿಮ್ಮ ಮನೆ ಎಲ್ಲಿ?" ಅಂದ. ಅವಳು ನಾನು ಬರೆದುಕೊಟ್ಟಿದ್ದನ್ನು ಒಪ್ಪಿಸಿದಳು: "ಈ ಪ್ರಶ್ನೆ ಕೇಳುವ ಹಕ್ಕು ನಿಮಗಿಲ್ಲ!" ಎರಡನೇ ಬೆಂಚಿನ ಹುಡುಗಿಗೆ ನಾನು ಬೇಕೆಂದೇ ಪಾತ್ರ ಕೊಟ್ಟಿರಲಿಲ್ಲ. ಅವಳಿಗೆ ನೋವಾಗಬಾರದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡಿದ್ದೆ.

ಅಧಿಕಾರಿ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಸಿ ಕಾಫಿಗೆ ಎದ್ದಿದ್ದರೆ ಎಲ್ಲ ಸರಿಯಿರುತ್ತಿತ್ತು. ಆದರೆ ಅವರು ಒಳ್ಳೆಯ ಮನುಷ್ಯ, ಪಾಠ ನಿಜಕ್ಕೂ ಅವರ ಮನಸ್ಸಿಗೆ ಹಿಡಿಸಿತ್ತು. "ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯೇನಪ್ಪಾ?" ಎಂದು ಕೇಳಿದರು.

ಎರಡನೇ ಬೆಂಚಿನ ಹುಡುಗಿ ಎದ್ದಳು.

"ನಮಗಾಗಿದೆ ಸಾರ್. ಹನ್ನೊಂದು ಮನೇಲಿ ನಿಜ ಹೇಳಿದ್ವಿ, ಕೊಡ್ಲಿಲ್ಲ. ಹನ್ನೆರಡನೇ ಮನೇಲಿ ಸುಳ್ಳು ಹೇಳಿದ್ವಿ, ಕೊಟ್ರು."

ನಾಲ್ಕನೇ ಬೆಂಚಿನಲ್ಲಿ ಮೇಷ್ಟ್ರ ಮೊಮ್ಮಗ ಕೂತಿದ್ದ. ಅಧಿಕಾರಿ ಕನ್ನಡಕ ತೆಗೆದು, "ಸುಳ್ಳು ಹೇಳಬಹುದೇನಮ್ಮಾ? ಯಾರು ಹೇಳಿಕೊಟ್ಟರು?" ಅಂದರು.

ಅವಳು ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಯಾರೂ ಇಲ್ಲ ಸಾರ್. ನಾವೇ" ಎಂದು ಕೂತಳು.

ಹದಿನಾಲ್ಕು ವರ್ಷದ ಹುಡುಗಿ. ನನ್ನ ಮಾನ ಉಳಿಸಲು ಎಲ್ಲರ ಎದುರು ಸುಳ್ಳು ಹೇಳಿದಳು, ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ. 'ಹೇಳಿಕೊಟ್ಟವಳು ನಾನು' ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅಧಿಕಾರಿ ನನ್ನ ಪಾಠದ ಬಗ್ಗೆ ತಪಾಸಣಾ ಪುಸ್ತಕದಲ್ಲಿ 'ಅತ್ಯುತ್ತಮ' ಎಂದು ಬರೆದು ಹೋದರು.

ಎರಡೇ ದಿನಕ್ಕೆ ಮೇಷ್ಟ್ರು ಅವರಿಗೆ ಮನೆ ಬಿಡಲು ಹೇಳಿದರು. ಜಗಳವಿಲ್ಲ, ಕೂಗಾಟವಿಲ್ಲ. ಗೋಡೆ ರಿಪೇರಿ ಮಾಡಿಸಬೇಕು, ತಿಂಗಳ ಕೊನೆಯೊಳಗೆ ಬೇರೆ ಕಡೆ ನೋಡಿಕೊಳ್ಳಿ, ಇಷ್ಟೇ. ಹುಡುಗಿ ಅದನ್ನು ನನಗೆ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಹೋಂವರ್ಕ್ ಮರೆತದ್ದನ್ನು ಹೇಳುವ ದನಿಯಲ್ಲಿ ಹೇಳಿದಳು. ನನಗೆ ತಲೆ ಕೆಟ್ಟುಹೋಯಿತು. ಅವತ್ತೇ ಸಂಜೆ ಕಾಯಿದೆಯ ಸಾಲುಗಳನ್ನು ಬರೆದುಕೊಂಡಿದ್ದ ಚೀಟಿ ಹಿಡಿದು ಅವರ ಮನೆಗೆ ನುಗ್ಗಿದೆ.

ಮೇಷ್ಟ್ರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. "ಬನ್ನಿ ಮೇಡಂ, ಕೂತ್ಕೊಳಿ" ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ನಿಂತುಕೊಂಡೇ ಅಪರಾಧ, ಶಿಕ್ಷೆ, ಸಂವಿಧಾನ ಎಲ್ಲ ಒದರಿದೆ. ಅವರು ಪೂರ್ತಿ ಕೇಳಿದರು.

"ಕಾನೂನು ನಂಗೂ ಗೊತ್ತು. ಮೂವತ್ತು ವರ್ಷ ನಾನೂ ಇದನ್ನೇ ಪಾಠ ಮಾಡಿದೀನಿ" ಅಂದರು. "ನಾನು ಮಾಡಿದ್ದು ಸರಿ ಅಂತ ವಾದ ಮಾಡಲ್ಲ. ಮನೇಲಿ ಹೆಂಗಸರು ಒಪ್ಪಲ್ಲ, ನಂಗೆ ಈ ವಯಸ್ಸಲ್ಲಿ ಜಗಳ ಆಡೋ ಶಕ್ತಿ ಇಲ್ಲ. ಹೇಡಿ ಅನ್ನಿ, ಅನ್ನಿಸ್ಕೋತೀನಿ. ಒಂದೇ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಕಾಲೇಜು ಲೆಕ್ಚರರು ಬಿಟ್ಟುಹೋದ ಮೇಲೆ ನಿಮ್ಮನೆ ಮಹಡೀಲಿ ಯಾರಿದ್ದಾರೆ?"

ಯಾರೂ ಇರಲಿಲ್ಲ.

ನಮ್ಮ ಬೀದಿಯಲ್ಲಿ ಬಾಡಿಗೆಗೆ ಬೋರ್ಡು ಹಾಕುವ ಪದ್ಧತಿಯೇ ಇಲ್ಲ. ಮನೆ ಖಾಲಿಯಾದರೆ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ, ನಮ್ಮವರ ಬಾಯಿಂದ ನಮ್ಮವರ ಕಿವಿಗೆ. ಮೇಲಿನ ಎರಡು ಕೋಣೆ, ಅಡುಗೆಮನೆ, ಹೊರಗಿನಿಂದಲೇ ಮೆಟ್ಟಿಲು, ಎಲ್ಲ ಎಂಟು ತಿಂಗಳಿಂದ ಖಾಲಿ ಬಿದ್ದಿತ್ತು. ನಾನು ದಿನವೂ ಬಟ್ಟೆ ಒಣಹಾಕಲು ಅಲ್ಲಿಗೆ ಹತ್ತುತ್ತಿದ್ದೆ. ಆ ಖಾಲಿ ಅಡುಗೆಮನೆಯ ಕಿಟಕಿ ಮುಂದೆ ನಿಂತು ಸೀರೆ ಹಿಂಡುತ್ತ, ಪಾಪ ಆ ಹುಡುಗಿಗೆ ಎಲ್ಲಿ ಮನೆ ಹುಡುಕಲಿ ಎಂದು ಚಿಂತೆ ಮಾಡಿದ್ದೇನೆ. ಇದು ಸತ್ಯ. ದೇವರಾಣೆಗೂ ಸತ್ಯ. ಕೊಡಬೇಕೋ ಬೇಡವೋ ಎಂದು ತೂಗಿನೋಡಿ ಬೇಡ ಅಂದಿದ್ದರೆ ನಾನು ಕೆಟ್ಟವಳು ಅನ್ನಬಹುದಿತ್ತು. ನನಗೆ ಆ ಯೋಚನೆ ಬರಲೇ ಇಲ್ಲ. ಕಣ್ಣ ಮುಂದಿದ್ದ ಬಾಗಿಲು ನನಗೆ ಕಾಣಿಸಿರಲಿಲ್ಲ. ಮೇಷ್ಟ್ರು ಎಳೆದಿಟ್ಟಿದ್ದ ಕುರ್ಚಿಯ ಮೇಲೆ ಆಗ ಕೂತೆ. ಅವರು ನೀರು ತರಿಸಿ ಕೊಟ್ಟರು.

ಮನೆಗೆ ಬಂದವಳೇ ಯಜಮಾನರಿಗೆ ಎಲ್ಲ ಹೇಳಿದೆ. ಅಮ್ಮನನ್ನು ಒಂದು ಮಾತು ಕೇಳು ಅಂದರು. ನಮ್ಮ ಅತ್ತೆ ಮಡಿ ಮೈಲಿಗೆಯ ಹಳೇ ಕಾಲದವರು. ಇಷ್ಟು ದಿನ ಯಾಕೆ ತೋಚಲಿಲ್ಲ ಎಂಬುದಕ್ಕೆ ದಾರಿಯಲ್ಲಿ ಬರುತ್ತ ನಾನೊಂದು ಉತ್ತರ ಹೊಂದಿಸಿಕೊಂಡಿದ್ದೆ: ಅತ್ತೆ ಒಪ್ಪುವುದಿಲ್ಲವಲ್ಲ, ಅದಕ್ಕೇ. ಅವರು ಹೂಬತ್ತಿ ಹೊಸೆಯುತ್ತ ಕೂತಿದ್ದರು. ನೀವು ಒಪ್ಪಲಾರಿರಿ ಅಂತ ಇಷ್ಟು ದಿನ ಸುಮ್ಮನಿದ್ದೆ ಎಂದೂ ಸೇರಿಸಿ ನಾನು ಹೇಳಿದ್ದನ್ನು ಕೇಳಿಸಿಕೊಂಡು, ಬತ್ತಿ ಕೆಳಗಿಟ್ಟರು.

"ನನ್ನ ಮಡಿ ನಂಗೆ. ಮೇಲುಗಡೆ ಯಾರಿದ್ರೆ ನಂಗೇನೇ? ಹಿತ್ತಲ ಬಾವಿ ಹತ್ರ ಬರ್ದೇ ಇದ್ರಾಯ್ತು" ಅಂದರು. ಮತ್ತೆ ಬತ್ತಿ ಕೈಗೆತ್ತಿಕೊಂಡು, "ನನ್ನ ಮೇಲೆ ಯಾಕೆ ಹಾಕ್ತೀಯ? ನೀನು ಒಂದು ದಿನಾನಾದ್ರೂ ಬಂದು ಕೇಳಿದ್ಯಾ?" ಎಂದರು.

ನನ್ನ ಕಟ್ಟಕಡೆಯ ನೆಪವೂ ಹೋಯಿತು. ಬಾವಿಯ ಮಾತು ಹೇಗೆ ಹೇಳುವುದು ಎಂದು ರಾತ್ರಿಯೆಲ್ಲ ಪದ ಹುಡುಕಿ, ಕೊನೆಗೆ ಅದನ್ನು ಹೇಳುವುದೇ ಬೇಡ, ಆಮೇಲೆ ನೋಡಿಕೊಂಡರಾಯಿತು ಎಂದು ನಿರ್ಧರಿಸಿದೆ. ಮತ್ತೆ ನನ್ನದೊಂದು ಉಪಾಯ.

ಬೆಳಿಗ್ಗೆ ಶಾಲೆಗೆ ಮುಂಚೆಯೇ ಆಸ್ಪತ್ರೆಗೆ ಹೋದೆ. ಅವರು ಡ್ಯೂಟಿ ಮುಗಿಸಿ ಬ್ಯಾಂಡೇಜ್ ಬಟ್ಟೆ ಮಡಿಸಿಡುತ್ತಿದ್ದರು. "ನಮ್ಮನೆ ಮಹಡಿ ಖಾಲಿ ಇದೆ. ಇವತ್ತೇ ಬನ್ನಿ. ಯಾರೂ ಏನೂ ಕೇಳಲ್ಲ" ಅಂದೆ. ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ.

"ಖಾಲಿ ಇರೋದು ಗೊತ್ತು ಮೇಡಂ" ಅಂದರು.

ಹೇಗೆ ಗೊತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರೇ ಹೇಳಿದರು.

"ಪೋಲಿಯೋ ಅನಿ ಹಾಕಕ್ಕೆ ಮನೆಮನೆಗೂ ಓಯ್ತೀವಲ್ಲ. ನಿಮ್ಮನೆಗೂ ಬಂದಿದ್ದೆ. ನೀವು ಸ್ಕೂಲಲ್ಲಿದ್ರಿ. ಮೇಲ್ಗಡೆ ಯಾರವ್ರೆ ಅಂತ ಕೇಳ್ದೆ. ಯಾರೂ ಇಲ್ಲ, ಖಾಲಿ ಅಂದ್ರು ನಿಮ್ಮತ್ತೆ. ಬಾಗ್ಲು ಮ್ಯಾಲೆ ಸೀಮೆಸುಣ್ಣದಲ್ಲಿ ಗುರ್ತು ಬರ್ದೋಳು ನಾನೇ. ಈ ಊರಲ್ಲಿ ಯಾವ್ ಮನೆ ಖಾಲಿ ಅನ್ನೋದು ನನ್ನಷ್ಟು ಯಾರ್ಗೂ ಗೊತ್ತಿಲ್ಲ ಮೇಡಂ." ಮಡಿಸಿದ ಬಟ್ಟೆಯನ್ನು ಡಬ್ಬಿಯೊಳಗಿಟ್ಟರು. "ಆವತ್ತು ನೀವು ಇಲ್ಲೇ ಬಾಗ್ಲಲ್ಲಿ ನಿಂತ್ಕಂಡು ಮನೆ ವಿಚಾರ ಅಂದ್ರಲ್ಲ, ನಿಮ್ಮನೇನೇ ಕೊಡ್ತೀನಿ ಅಂತ ಯೋಳಕ್ಕೆ ಬಂದವ್ರೆ ಅಂದ್ಕಂಡೆ. ಸುಳ್ಳು ಯೋಳ್ಕೊಟ್ಟೋದ್ರಿ."

ನಾನು ತಲೆ ತಗ್ಗಿಸಿದೆ. ತಪ್ಪಾಯಿತು ಅಂದೆ. ನನಗೆ ಹೊಳೆಯಲೇ ಇಲ್ಲ, ನಂಬಿ ಅಂದೆ.

"ನಂಬ್ತೀನಿ. ಅದುಕ್ಕೇ ಬ್ಯಾಡ ಅನ್ನೋದು." ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ಚನ್ನರಾಯಪಟ್ಟಣದ ಕಡೆ ವರ್ಗ ಕೇಳಿದೀನಿ. ಅಲ್ಲಿ ಕ್ವಾಟ್ರಸ್ ಐತೆ. ಗೋರ್ಮೆಂಟ್ ಮನೆ, ಯಾರ್ ಹಂಗೂ ಇಲ್ಲ. ನನ್ ಮಗ್ಳಿಗೆ ನಿಮ್ಮನೆ ಖಾಲಿ ಇದ್ದುದ್ದು ನಾನು ಯೋಳಿಲ್ಲ ಮೇಡಂ. ನಮ್ ಮೇಡಂ ಅಂಗೆ, ನಮ್ ಮೇಡಂ ಇಂಗೆ ಅಂತ ದಿನಾ ಅಂತಾಳೆ. ನಿಮ್ಮಂಗೇ ಟೀಚರ್ ಆಯ್ತೀನಿ ಅಂತಾಳೆ. ನಿಮ್ಮನೇಲಿ ಬಂದು ಇದ್ರೆ ಅವ್ಳಿಗೂ ಗೊತ್ತಾಗೋಯ್ತದೆ, ಆ ಆಸೆ ಉಳ್ಯಾಕಿಲ್ಲ."

ವರ್ಗದ ಆರ್ಡರು ಹದಿನೈದು ದಿನಕ್ಕೆ ಬಂತು. ಅರ್ಧ ವರ್ಷಕ್ಕೇ ಶಾಲೆ ಬಿಟ್ಟು ಹೋಗುವ ಮಗುವಿಗೆ ಟಿ.ಸಿ. ಬರೆದುಕೊಡುವುದು ಕ್ಲಾಸ್ ಟೀಚರ್ ಆದ ನನ್ನದೇ ಕೆಲಸ. ತಾಯಿ ಮಗಳು ಇಬ್ಬರೂ ಸ್ಟಾಫ್ ರೂಮಿಗೆ ಬಂದರು. ನಾನು ಬರೆದು, ಹೆಡ್‌ಮಾಸ್ಟರ ಸಹಿ ಮಾಡಿಸಿ, ಮೊಹರು ಒತ್ತಿಸಿ ಕೊಟ್ಟೆ. ಚೆನ್ನಾಗಿ ಓದು ಅಂದೆ. ಹುಡುಗಿ ಕಾಗದವನ್ನು ಚೀಲದಲ್ಲಿಟ್ಟು, ಕಣ್ಣು ಒರೆಸಿಕೊಂಡು, ತಟ್ಟನೆ ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬೇಡ ಅನ್ನುವಷ್ಟರಲ್ಲಿ ಆಗಿಹೋಗಿತ್ತು. ತಲೆ ಎತ್ತಿದಾಗ ಅವಳ ತಾಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮಗಳು ಎದ್ದು ಬರಲಿ ಎಂದು ಕಾಯುತ್ತಿದ್ದರು.